ಹುಲುಗಪ್ಪನ ದೋಣಿಗೆ ಎರಡನೇ ಪರದೆ

ದೋಣಿಯಲ್ಲಿ ನೀರಿನ ಆಳ ತೋರಿಸುವ ಯಂತ್ರ ಒಂದಿರುತ್ತದೆ. ಅದು ಕೈಕೊಟ್ಟರೆ ಇರಲಿ ಎಂದು ಪಕ್ಕದಲ್ಲೇ ಇನ್ನೊಂದನ್ನು ಕೂರಿಸುತ್ತಾರೆ. ಆ ಇನ್ನೊಂದನ್ನು ಕೂರಿಸುವುದು ನನ್ನ ಕೆಲಸವಾಗಿತ್ತು. ಹೊಸಪೇಟೆಯ ಮದುವೆಮನೆಗಳಲ್ಲಿ ಯಾರಾದರೂ "ನೀವೇನ್ ಮಾಡ್ತೀರಿ?" ಎಂದು ಕೇಳಿದರೆ, ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವರು ಪಕ್ಕದವರ ಸೀರೆಯ ಅಂಚು ನೋಡುತ್ತಿರುತ್ತಿದ್ದರು. ಹಾಗಾಗಿ ಆಮೇಲಾಮೇಲೆ "ಮನೇಲೇ ಇರ್ತೀನ್ರಿ" ಎನ್ನತೊಡಗಿದೆ. ಅದೂ ಸುಳ್ಳಲ್ಲ. ನಮ್ಮ ಅಡುಗೆಮನೆಗೂ ಯಜಮಾನರ ಅಂಗಡಿಗೂ ನಡುವೆ ಇದ್ದದ್ದು ಒಂದೇ ಬಾಗಿಲು.

ಈಗ ಸಣ್ಣ ಸ್ಕ್ರೂಗಳು ನನಗೆ ಎರಡೆರಡಾಗಿ ಕಾಣುತ್ತವೆ, ಕೆಲಸ ಬಿಟ್ಟಿದ್ದೇನೆ. ಪಾಲಿಟೆಕ್ನಿಕ್ ಮುಗಿಸಿದ ಹುಡುಗಿಯರು ಅಂಗಡಿಗೆ ಕಲಿಯಲು ಬರುತ್ತಾರೆ. "ಆಂಟಿ, ಇದರಲ್ಲೇನು ಕಷ್ಟ, ಎರಡು ವೈರ್ ತಾನೇ" ಅಂತಾರೆ. ಹೌದಮ್ಮ, ಎರಡೇ ವೈರ್. ಆ ಎರಡು ವೈರಿನ ಬಗ್ಗೆಯೇ ಬರೆಯುತ್ತೇನೆ.

ನಮ್ಮದು ಸಂಡೂರು ರಸ್ತೆಯ ಪಕ್ಕದ ಆಟೋ ಎಲೆಕ್ಟ್ರಿಕಲ್ ಅಂಗಡಿ. ಅದಿರಿನ ಲಾರಿಗಳ ಡೈನಮೊ, ಸೆಲ್ಫ್ ಮೋಟರು, ಬ್ಯಾಟರಿ. ಒಳಗೆ ಬಂದವರೆಲ್ಲ ಧೂಳು ಮೆತ್ತಿ ಕೆಂಪಗೆ ಬಂದು ಕೆಂಪಗೆ ಹೋಗುತ್ತಿದ್ದರು. ನಾನು ಒಗೆದು ಹಾಕಿದ ಬಿಳಿ ದಿಂಬಿನ ಕವರು ಸಂಜೆಗೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ್ದು ಇಂಗ್ಲಿಷು ಮತ್ತು ಕಸೂತಿ. ಇವೆರಡರಲ್ಲಿ ಯಾವುದೂ ಸಂಡೂರು ರಸ್ತೆಯಲ್ಲಿ ನಡೆಯುವ ನಾಣ್ಯವಲ್ಲ ಎಂದು ನಾನು ಅಂದುಕೊಂಡಿದ್ದ ಕಾಲಕ್ಕೆ ದೇಸಾಯಿ ಸಾಹೇಬರು ಜೀಪಿನಲ್ಲಿ ಬಂದು, ಥರ್ಮಾಕೋಲಿನ ಪೆಟ್ಟಿಗೆಯೊಂದನ್ನು ನಮ್ಮ ಕಟ್ಟೆಯ ಮೇಲೆ ಇಟ್ಟರು.

ಡ್ಯಾಮಿನ ಹಿನ್ನೀರಿನಲ್ಲಿ ಹೂಳು ಎಷ್ಟು ತುಂಬಿದೆ ಎಂದು ಅಳೆಯುವ ಕೆಲಸವನ್ನು ಒಂದು ಖಾಸಗಿ ಕಂಪನಿ ಹಿಡಿದಿತ್ತು. ಅದರ ಇಂಜಿನಿಯರು ಇವರು. ಹುಬ್ಬಳ್ಳಿ ಕಡೆಯವರು, ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದೆ ಐದು ನಿಮಿಷಕ್ಕೊಮ್ಮೆ ಎಳೆದುಕೊಳ್ಳುವವರು. ಪೆಟ್ಟಿಗೆಯ ಜೊತೆ ಇಂಗ್ಲಿಷಿನ ದಪ್ಪ ಪುಸ್ತಕವೊಂದಿತ್ತು. ನಮ್ಮ ಮನೆಯವರು ಅದನ್ನು ಅತ್ತ ಇತ್ತ ತಿರುವಿ, ಒಳಗೆ ಒಗ್ಗರಣೆ ಹಾಕುತ್ತಿದ್ದ ನನ್ನನ್ನು ಕರೆದರು.

"ಶಾಂತಾ, ಬಾ ಇಲ್ಲಿ. ನಿನ್ನ ಕಾನ್ವೆಂಟಿಗೆ ಕೆಲಸ ಬಂದೈತಿ. ನೀ ಓದು, ನಾ ಸ್ಕ್ರೂ ಬಿಗೀತೀನಿ."

ಯಂತ್ರದ ಕೆಲಸ ತಿಳಿಯಲು ಕಷ್ಟವೇನಿಲ್ಲ. ದೋಣಿಯ ಹಿಂಭಾಗದಲ್ಲಿ, ನೀರೊಳಗೆ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಬಿಲ್ಲೆ ಇರುತ್ತದೆ. ಅದು ನಮ್ಮ ಕಿವಿಗೆ ಕೇಳದ ಶಬ್ದವೊಂದನ್ನು ಕೆಳಕ್ಕೆ ಕಳಿಸುತ್ತದೆ. ಶಬ್ದ ತಳಕ್ಕೆ ತಾಗಿ ವಾಪಸ್ ಬರಲು ಹಿಡಿದ ಹೊತ್ತಿನಿಂದ ಆಳ ಎಷ್ಟೆಂದು ಲೆಕ್ಕ ಸಿಗುತ್ತದೆ. ಡ್ರೈವರನ ಮುಂದಿನ ಪರದೆಯ ಮೇಲೆ ಆ ಅಂಕಿ ಮೂಡುತ್ತದೆ. ಇದನ್ನು ನಾನು ಓದಿ ಹೇಳಿದಾಗ ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಅಂದ್ರ ಬಾವ್ಯಾಗ ಕೂಗಿದಂಗ" ಎಂದರು. ಪುಸ್ತಕಕ್ಕಿಂತ ಅವರು ಹೇಳಿದ್ದೇ ಚೆನ್ನಾಗಿತ್ತು.

ಜೀಪಿನಲ್ಲಿ ಸಾಹೇಬರ ಹಿಂದೆ ಕೂತು ಬಂದಿದ್ದವನು ಹುಲುಗಪ್ಪ. ಮೀಸೆಯ ಒಂದು ತುದಿಗೆ ನೀಲಿ ಪೇಂಟ್ ಹತ್ತಿತ್ತು. ಅವನು ಆ ದೋಣಿಯ ಡ್ರೈವರ್ ಆಗಿದ್ದವನು. ಹಿಂದಿನ ವರ್ಷ, ನೀರಿನ ನಡುವೆ ಇದ್ದೊಂದು ಪರದೆಯೂ ಕಪ್ಪಾಗಿ, ದೋಣಿಯು ಮುಳುಗಡೆಯಾದ ಊರೊಂದರ ಗೋಡೆಯ ಮೇಲೆ ಹೋಗಿ ಹತ್ತಿ ಕೂತಿತ್ತು. ಡ್ಯಾಮು ಕಟ್ಟಿದಾಗ ನೀರೊಳಗೆ ಹೋದ ಊರುಗಳ ಕಲ್ಲುಗೋಡೆಗಳು ಇನ್ನೂ ಕೆಲವು ಕಡೆ ನಿಂತೇ ಇವೆ. ಕೆನ್ನೀರಿನಲ್ಲಿ ಮೇಲಿನಿಂದ ಏನೂ ಕಾಣುವುದಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ, ದೋಣಿಯ ತಳ ಸೀಳಿತು. ಡ್ರೈವರನ ಅಲಕ್ಷ್ಯ ಎಂದು ಕಂಪನಿ ಅವನಿಂದ ಸ್ಟೇರಿಂಗ್ ಕಿತ್ತುಕೊಂಡು ದಂಡೆಯ ಮೇಲೆ ಪೇಂಟ್ ಹೊಡೆಯಲು ಹಾಕಿತ್ತು.

"ಸ್ಕ್ರೀನ್ ಸತ್ತಿತ್ತು ಅಂತಾನ ಇವ," ಎಂದರು ಸಾಹೇಬರು, ಬೆಲ್ಟು ಎಳೆದುಕೊಳ್ಳುತ್ತಾ. "ಇರಬಹುದು. ನಾ ಆವಾಗ ಇದ್ದಿಲ್ಲ. ಅದಕ್ಕ ಎರಡನೇದು ಹಾಕಸಾಕತ್ತೀನಿ. ಅದ ಗ್ವಾಡಿ ಹತ್ರ ಹೋಗಿ ಮೊದಲನೇದನ್ನ ನಾನ ಕೊಲ್ತೀನಿ. ಎರಡನೇದನ್ನ ನೋಡ್ಕೊಂಡು ಇವ ದೋಣಿ ಉಳಿಸ್ಕೊಂಡು ಬಂದ್ರ ಸ್ಟೇರಿಂಗ್ ಇವಂದು. ಇಲ್ಲಂದ್ರ ಕಾರವಾರದಿಂದ ಬ್ಯಾರೆ ಡ್ರೈವರ್ ಬರ್ತಾನ."

ಹುಲುಗಪ್ಪ ನನ್ನ ಕಡೆ ತಿರುಗಿದ. "ಅಕ್ಕಾರ, ನನ್ನ ಸ್ಟೇರಿಂಗ್ ಈಗ ನಿಮ್ಮ ಕೈಯಾಗ ಐತ್ರಿ."

"ನನ್ನ ಕೈಯಾಗಿರೋದು ಸೌಟು, ಹುಲುಗಪ್ಪ," ಎಂದೆ. ನಿಜವಾಗಿಯೂ ಸೌಟೇ ಇತ್ತು.

ಮೊದಲ ಸಲ ನಾವು ಮಾಡಿದ್ದು ಎಲ್ಲ ಹೊಸಬರೂ ಮಾಡುವ ಕೆಲಸ. ಪುಸ್ತಕದಲ್ಲಿ ಚಿತ್ರ ಹಾಕಿ ತೋರಿಸಿದ್ದರು: ಮೊದಲನೇ ಪರದೆಯಿಂದ ಒಂದು ವೈರು ಎಳೆದು ಎರಡನೆಯದಕ್ಕೆ ಕೊಡಿ, ಅಲ್ಲಿದ್ದ ಅಂಕಿಯೇ ಇಲ್ಲೂ ಬರುತ್ತದೆ. ಕೊಟ್ಟೆವು. ಬಂತು. ಅಲ್ಲಿ ನಾಲ್ಕು ಮೀಟರು ಎಂದರೆ ಇಲ್ಲೂ ನಾಲ್ಕು, ಅಲ್ಲಿ ಐದಾದರೆ ಇಲ್ಲೂ ಐದು. ಅವಳಿ ಮಕ್ಕಳಿಗೆ ಒಂದೇ ಬಟ್ಟೆ ತೊಡಿಸಿ ನೋಡಿದ ಹಾಗೆ ನಾವು ಮೂವರೂ ನೋಡಿ ಸಂತೋಷಪಟ್ಟೆವು. ಹುಲುಗಪ್ಪ ಎರಡಕ್ಕೂ ಕೈ ಮುಗಿದ.

ಸಾಹೇಬರು ಬಂದು, ದೋಣಿ ಇನ್ನೂ ದಂಡೆಯ ಹಗ್ಗದಲ್ಲೇ ಇರುವಾಗ, ಮೊದಲನೆಯದರ ಫ್ಯೂಜು ಕಿತ್ತರು. ಅದರ ಜೊತೆಗೇ ಎರಡನೆಯದರಲ್ಲೂ ಅಂಕಿ ಹೋಗಿ ಎರಡು ಗೀರು ಉಳಿದವು.

"ಇದು ಎರಡನೇದಲ್ಲ ಮೇಡಂ," ಎಂದರು ಸಾಹೇಬರು, ಬೈಯದೆ. "ಇದು ಮೊದಲನೇದರ ಕನ್ನಡಿ."

ಹುಡುಗಿಯರೇ, ನೀವು ಕಲಿಯಬೇಕಾದದ್ದರಲ್ಲಿ ಅರ್ಧ ಇಲ್ಲೇ ಇದೆ. ಎರಡನೆಯದಕ್ಕೆ ಅದರದೇ ಬಿಲ್ಲೆ ಬೇಕು, ಅದರದೇ ಬ್ಯಾಟರಿ ಬೇಕು, ಅದರದೇ ಫ್ಯೂಜು ಬೇಕು, ಅದರ ವೈರು ಹೋಗುವ ದಾರಿಯೂ ಬೇರೆ ಇರಬೇಕು. ಒಂದೇ ಮನೆಯಲ್ಲಿದ್ದರೂ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ ಅವೆರಡೂ ಇರಬೇಕು. ಸಂಬಂಧ ಚೆನ್ನಾಗಿರಲಿ, ಆದರೆ ಇವನ ಒಲೆ ಆರಿದರೆ ಅವನ ಒಲೆ ಆರಬಾರದು.

ಹೊಸ ಬಿಲ್ಲೆ ತರಿಸಿ ದೋಣಿಯ ಹಿಂಭಾಗದ ಎಡಮೂಲೆಗೆ ಕೂರಿಸಿದೆವು. ವೈರುಗಳನ್ನು ಕಟ್ಟುವ ಕೆಲಸ ನನ್ನದು. ಈಗ ಪ್ಲಾಸ್ಟಿಕ್ ಪಟ್ಟಿ ಎಳೆದರೆ ಮುಗಿಯಿತು. ಆಗ ನಮ್ಮಲ್ಲಿ ಸಿಗುತ್ತಿದ್ದದ್ದು ಗಟ್ಟಿ ನೂಲು. ನೂಲಿಗೆ ಮೇಣದಬತ್ತಿ ಸವರಿ, ಸಿಸ್ಟರು ಕಲಿಸಿದ ಗುಂಡಿಕಾಜದ ಹೊಲಿಗೆಯಲ್ಲಿ ವೈರಿನ ಕಟ್ಟನ್ನು ಉದ್ದಕ್ಕೂ ಹೊಲಿದುಕೊಂಡು ಹೋದೆ. ಅಲೆಗೆ ದೋಣಿ ಎಷ್ಟು ಕುಲುಕಿದರೂ ಅದು ಅಲುಗುತ್ತಿರಲಿಲ್ಲ. ವೈರು ಕೂಡಿಸುವ ಜಾಗಗಳಲ್ಲಿ ಸಂಡೂರಿನ ಕೆಂಪು ಧೂಳು ಸೇರಿ ಹಸಿಯಾದರೆ ತುದಿಯ ಹಿತ್ತಾಳೆ ಹಸಿರಾಗುತ್ತದೆ, ಕರೆಂಟು ನಿಲ್ಲುತ್ತದೆ. ಹುಲುಗಪ್ಪನ ಹಳೆಯ ಪರದೆ ಕಪ್ಪಾದದ್ದೂ ಹೀಗೆಯೇ ಇರಬೇಕೆಂದು ನಮ್ಮ ಮನೆಯವರು ಹಳೆಯ ವೈರಿನ ತುದಿಯನ್ನು ತೋರಿಸಿ ಹೇಳಿದರು. ಅದಕ್ಕಾಗಿ ನಾನು ಪ್ರತಿ ಕೂಡಿಕೆಗೂ ಹಲ್ಲುಜ್ಜುವ ಹಳೆಯ ಬ್ರಷ್ಷು ಆಡಿಸಿ, ಗ್ರೀಸು ಹಚ್ಚಿ, ರಬ್ಬರಿನ ತೋಳು ತೊಡಿಸುತ್ತಿದ್ದೆ. ಇದನ್ನು ಈಗಲೂ ಮಾಡಿ. ಧೂಳು ಬದಲಾಗಿಲ್ಲ.

ಎರಡು ಬಿಲ್ಲೆಗಳನ್ನೂ ನೀರಿಗಿಳಿಸಿದ ದಿನ ಬೇರೆ ತಮಾಷೆ. ಎರಡೂ ಒಂದೇ ಸ್ವರದಲ್ಲಿ ಕೂಗುತ್ತಿದ್ದವು. ಒಂದರ ಕೂಗಿಗೆ ಬಂದ ಮಾರುತ್ತರವನ್ನು ಇನ್ನೊಂದು ತನ್ನದೆಂದು ಕೇಳಿಸಿಕೊಳ್ಳುತ್ತಿತ್ತು. ದೋಣಿ ಅಲುಗದೆ ನಿಂತಿದ್ದರೂ ಅಂಕಿಗಳು ಮೂರು, ಹದಿನೆಂಟು, ಏಳು ಎಂದು ಕುಣಿದವು.

"ಅಕ್ಕಾರ, ಕೆಳಗ ಊರಿನ್ಯಾಗ ಯಾರೋ ಮಾಳಿಗಿ ಮ್ಯಾಲ ಹತ್ತಿ ಇಳಿಯಾಕತ್ಯಾರ ನೋಡ್ರಿ," ಎಂದ ಹುಲುಗಪ್ಪ.

ಪುಸ್ತಕದ ಕೊನೆಯ ಪುಟಗಳಲ್ಲಿ, ಯಾರೂ ಓದದ ಸಣ್ಣ ಅಕ್ಷರಗಳಲ್ಲಿ, ಒಂದನ್ನು ಕೀರಲು ದನಿಗೂ ಇನ್ನೊಂದನ್ನು ದಪ್ಪ ದನಿಗೂ ಇಡಬಹುದು ಎಂದಿತ್ತು. ಇಟ್ಟೆ. ಇಬ್ಬರೂ ತಂತಮ್ಮ ಪಾಡಿಗೆ ಮಾತಾಡತೊಡಗಿದರು.

ಆದರೂ ಎರಡೂ ಪರದೆಗಳ ನಡುವೆ ಒಂದು ಗೇಣಿನ ವ್ಯತ್ಯಾಸ ಉಳಿಯಿತು. ಮೊದಲನೆಯದು ನೀರಿನ ಮೇಲ್ಮಟ್ಟದಿಂದ ಅಳೆದು ಹೇಳುವ ಹಾಗೆ ಹಿಂದೆ ಯಾರೋ ಹೊಂದಿಸಿದ್ದರು. ಹೊಸದು ತನ್ನ ಬಿಲ್ಲೆಯ ಮೂತಿಯಿಂದ ಅಳೆದು ಹೇಳುತ್ತಿತ್ತು. ಒಂದು ಗೇಣು ಏನು ಮಹಾ ಎನ್ನಬೇಡಿ. ಆ ಗೋಡೆಗೂ ದೋಣಿಯ ತಳಕ್ಕೂ ನಡುವೆ ಉಳಿಯುತ್ತಿದ್ದುದು ಅಷ್ಟೇ ಆಗಿರಬಹುದು. ಯಾವುದನ್ನು ನಂಬುವುದು ಎಂದು ಪರದೆಗಳನ್ನೇ ಕೇಳಿದರೆ ಪ್ರಯೋಜನವಿಲ್ಲ. ನಾನು ಮನೆಗೆ ಬಂದು, ಹಗ್ಗವೊಂದಕ್ಕೆ ಹೊಲಿಗೆಯ ಟೇಪಿನಲ್ಲಿ ಅಳೆದು ಬಣ್ಣಬಣ್ಣದ ರಿಬ್ಬನ್ ಕಟ್ಟಿ, ತುದಿಗೆ ಅಡುಗೆಮನೆಯ ಗುಂಡುಕಲ್ಲನ್ನು ಬಿಗಿದೆ.

ಅತ್ತೆ ಒರಳಿನ ಮುಂದೆ ಕೂತು ಅತ್ತಿತ್ತ ಹುಡುಕಿದರು. "ಶಾಂತಾ, ಗುಂಡಕಲ್ಲು ಎಲ್ಲಿ?"

"ಡ್ಯಾಮಿಗೆ ಹೊಂಟೈತ್ರಿ ಅತ್ತಿ. ಸಂಜಿಗೆ ಬರ್ತೈತಿ."

"ಮತ್ತ ನಾ ಚಟ್ನಿ ಎದರಾಗ ಅರೀಲಿ? ನಿನ್ನ ಸ್ಕ್ರೀನಿನ್ಯಾಗ?" ಎಂದವರು, ನಾನು ಹೊಸಿಲು ದಾಟುವಾಗ ಹಿಂದಿನಿಂದ, "ತೊಳದು ತಾ, ಮೀನಿನ ವಾಸನಿ ಬಡಿತೈತಿ" ಎಂದು ಸೇರಿಸಿದರು. ಮೀನು ತಿನ್ನದ ಮನೆಯ ಒರಳುಗುಂಡು ಮೀನುಗಳ ನಡುವೆ ಇಳಿದು ಬರುವುದು ಅವರಿಗೆ ಸಣ್ಣ ವಿಷಯವಾಗಿರಲಿಲ್ಲ. ಆದರೂ ಬೇಡ ಎನ್ನಲಿಲ್ಲ.

ಕಲ್ಲು ಇಳಿಸಿ, ರಿಬ್ಬನ್ ಎಣಿಸಿ, ಎರಡೂ ಪರದೆಗಳನ್ನು ಹಗ್ಗದ ಮಾತಿಗೆ ಹೊಂದಿಸಿದೆ. ಆಮೇಲೆ ಕಂಪ್ಲಿಯ ಹೊಳೆಯ ದೋಣಿಗೆ, ಹಂಪಿಯಲ್ಲಿ ಪ್ರವಾಸಿಗರನ್ನು ದಾಟಿಸುವ ಮೋಟರ್ ದೋಣಿಗೆ, ಎಲ್ಲಿ ಕರೆದರೂ ಆ ರಿಬ್ಬನ್ ಹಗ್ಗವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗುತ್ತಿದ್ದೆ. ಕಲ್ಲು ಮಾತ್ರ ಬೇರೆ; ಅತ್ತೆ ಎರಡನೇ ಸಲ ಕೊಡಲಿಲ್ಲ.

ಇನ್ನು ಸಾಹೇಬರ ಪರೀಕ್ಷೆಯೊಂದೇ ಬಾಕಿ. ದಸರೆ ಹತ್ತಿರ ಬಂದಿತ್ತು, ನೀರು ತುಂಬಿತ್ತು. ಬೆಳಿಗ್ಗೆ ಹುಲುಗಪ್ಪ ತೊಳೆದ ಅಂಗಿ ಹಾಕಿ, ಮೀಸೆಯ ಪೇಂಟನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡು ನಮ್ಮನ್ನು ಕರೆದೊಯ್ಯಲು ಬಂದ. ಹತ್ತಿರ ಬಂದರೆ ಸೀಮೆಎಣ್ಣೆಯ ವಾಸನೆ. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಹರಿಗೋಲಿನವರು ಅವನನ್ನು ನೋಡಿ, "ಏನೋ ಹುಲುಗ, ಮದಿವಿಗೆ ಹೊಂಟೀಯಾ?" ಎಂದು ಕೇಳಿದರು. "ಹೂನಲೇ, ನಿಮಗೆಲ್ಲ ಊಟಕ್ಕ ಕರಿಯೂದಿಲ್ಲ," ಎಂದನಾದರೂ ಅವನ ನಗೆ ಬಾಯಿಯ ಒಂದು ಮೂಲೆ ದಾಟಲಿಲ್ಲ. ನಮ್ಮ ಮನೆಯವರಿಗೆ ಬೆನ್ನುನೋವು, ದೋಣಿಯ ಕುಲುಕು ಆಗದು. ಅವರು ಜೀಪಿನ ನೆರಳಲ್ಲಿ ಉಳಿದರು. ದೋಣಿ ಹತ್ತಿದ್ದು ಸಾಹೇಬರು, ಹುಲುಗಪ್ಪ, ನಾನು.

ಮೆಲ್ಲಗೆ ಹೊರಟಾಗ ಎರಡೂ ಪರದೆಗಳಲ್ಲಿ ಅಂಕಿಗಳು ಗಂಡಹೆಂಡತಿಯ ಹಾಗೆ ಜೊತೆಜೊತೆಗೆ ನಡೆದವು. ಹುಲುಗಪ್ಪ ವೇಗ ಹೆಚ್ಚಿಸಿದ. ಎರಡನೆಯದರಲ್ಲಿ ಅಂಕಿ ಮಿಣಮಿಣ ಎಂದು ಮಾಯವಾಯಿತು. ನಿಧಾನಿಸಿದರೆ ಬಂತು. ಮತ್ತೆ ವೇಗ ಏರಿಸಿದರೆ ಹೋಯಿತು.

"ನೀ ಲಾರಿ ಓಡಿಸಿದಂಗ ಓಡಿಸಾಕತ್ತೀ ನೋಡು," ಎಂದರು ಸಾಹೇಬರು.

"ಇಲ್ರಿ ಸಾಹೇಬ್ರ, ಹೂವಿನಂಗ ಹಿಡಿದೀನ್ರಿ."

"ಹೂವಿನಂಗ ಹಿಡಿದ್ರ ಸ್ಕ್ರೀನ್ ಯಾಕ ಹೋಗ್ತೈತಿ? ಮೇಡಂ, ಇವತ್ತ ಇದು ಆಗೂದಿಲ್ಲಂದ್ರ ಹೇಳಿಬಿಡ್ರಿ. ನಾಳಿಗೆ ಕಾರವಾರಕ್ಕ ಫೋನ್ ಮಾಡ್ಬೇಕು ನಾನು."

ಹುಲುಗಪ್ಪ ನನ್ನನ್ನು ನೋಡಲಿಲ್ಲ.

ನಾನು ಫ್ಯೂಜು ನೋಡಿದೆ, ಬ್ಯಾಟರಿ ನೋಡಿದೆ, ನನ್ನ ಹೊಲಿಗೆಯನ್ನು ತುದಿಯಿಂದ ತುದಿಗೆ ಬೆರಳಾಡಿಸಿ ನೋಡಿದೆ. ಎಲ್ಲ ಸರಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ದೋಣಿಯ ಹಿಂಭಾಗದಲ್ಲಿ ಬೋರಲು ಮಲಗಿ ತಲೆ ಹೊರಗೆ ಚಾಚಿ ನೀರನ್ನು ನೋಡತೊಡಗಿದೆ. ಸಾಹೇಬರು ಗಾಬರಿಯಾಗಿ ನನ್ನ ಕಾಲು ಹಿಡಿಯಲೋ ಬೇಡವೋ ಎಂದು ನಿಂತರು.

"ಈಗ ಜೋರು ಮಾಡು ಹುಲುಗಪ್ಪ," ಎಂದೆ.

ವೇಗ ಏರಿದರೆ ದೋಣಿಯ ಮೂಗು ಏಳುತ್ತದೆ, ಹಿಂಭಾಗ ಕೂರುತ್ತದೆ. ಅದು ಕೂತ ಗಳಿಗೆಯಲ್ಲಿ ಎಡಮೂಲೆಯಲ್ಲಿ, ಬಿಲ್ಲೆಗೆ ಸ್ವಲ್ಪ ಮುಂದೆ, ಸೋಡಾ ಬಾಟಲಿ ಒಡೆದ ಹಾಗೆ ಬಿಳಿ ಗುಳ್ಳೆಗಳ ಸಾಲು ಎದ್ದು ಬಿಲ್ಲೆಯ ಮೂತಿಗೇ ಹೋಗಿ ಬಡಿಯಿತು. ಗುಳ್ಳೆಯೊಳಗೆ ಶಬ್ದ ದಾಟುವುದಿಲ್ಲ. ಬಿಲ್ಲೆಗೆ ಕಣ್ಣು ಕಟ್ಟಿದ ಹಾಗೆ. ಗುಳ್ಳೆಗಳು ಎಲ್ಲಿಂದ ಏಳುತ್ತಿವೆ ಎಂದು ನೋಡಿದರೆ, ಅಂಚಿನ ಕೊಕ್ಕೆಯಿಂದ ಕಪ್ಪು ದಾರವೊಂದು ಇಳಿದಿತ್ತು. ದಾರದ ತುದಿಗೆ ಒಂದು ನಿಂಬೆಹಣ್ಣು, ಹಸಿಮೆಣಸಿನಕಾಯಿಗಳು, ಒಂದು ಇದ್ದಿಲ ಚೂರು. ದೋಣಿ ನಿಂತಾಗ ನೀರಿಗಿಂತ ಮೇಲೆ ತೂಗಾಡುತ್ತಿದ್ದ ಆ ನಿಂಬೆಹಣ್ಣು, ಹಿಂಭಾಗ ಕೂತೊಡನೆ ನೀರಿಗೆ ಬಿದ್ದು ಬಡಿದಾಡುತ್ತಿತ್ತು.

"ಹುಲುಗಪ್ಪ, ಇದನ್ನ ಯಾರು ಕಟ್ಟಿದ್ದು?"

ಅವನು ಎಂಜಿನ್ ಇಳಿಸಿ ತಿರುಗಿ ನೋಡಿದ. "ನಾನ ಕಟ್ಟಿದ್ದು ಅಕ್ಕಾರ. ನಿಮ್ಮ ಅತ್ತಿಯಾರು ಮುಂಜಾನಿ ಕೊಟ್ಟು ಕಳಿಸಿದ್ರು. ಹೊಸ ಸಾಮಾನು ಎಲ್ಲಿ ಐತೋ ಅದರ ಮಗ್ಗಲಿಗೇ ಕಟ್ಟು, ಎಲ್ಲಾರ ಕಣ್ಣು ಅದರ ಮ್ಯಾಲ ಐತಿ ಅಂದ್ರು."

ನಾನು ಬೋರಲು ಮಲಗಿದಲ್ಲೇ ನಗತೊಡಗಿದೆ. ನಗು ಹೊಟ್ಟೆಯಿಂದ ಬಂದು ಹಲಗೆಗೆ ಬಡಿದು ನನಗೇ ನೋಯುತ್ತಿತ್ತು. ದಾರ ಕಿತ್ತು ಹಾಕಲು ಕೈ ಚಾಚಿದೆ.

"ಹಾಂ ಹಾಂ, ಕೀಳಬ್ಯಾಡ್ರಿ ಮೇಡಂ," ಎಂದರು ಸಾಹೇಬರು, ಬೆಲ್ಟು ಮರೆತು. "ಕಟ್ಟಿದ್ದನ್ನ ಹಂಗ ಕಿತ್ತು ಒಗೀಬಾರದು. ಇವತ್ತಂತೂ ಬ್ಯಾಡ. ಮುಂದ ಕಟ್ರಿ, ನೀರು ಮುಟ್ಟದಲ್ಲಿ." ಬಿ.ಇ. ಓದಿದವರು, ಅವರೇ ಬಂದು ಎರಡೂ ಕೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡು, ದೋಣಿಯ ಮೂಗಿಗೆ ಹೋಗಿ ಮೂರು ಗಂಟು ಹಾಕಿದರು. ಆ ಕಾಲದಲ್ಲಿ ನನಗೆ ಸಿಕ್ಕ ಮೇಲಧಿಕಾರಿಗಳಲ್ಲಿ ಇಷ್ಟು ಚೆನ್ನಾಗಿ ಗಂಟು ಹಾಕಿದವರು ಇನ್ನೊಬ್ಬರಿಲ್ಲ.

ಅಂದಿನಿಂದ ನಾನು ಎಲ್ಲೇ ಕೂರಿಸಿದರೂ, ಕೂರಿಸಿದ ಮೇಲೆ ಮೊದಲು ಕೇಳುತ್ತಿದ್ದ ಪ್ರಶ್ನೆ: ದೃಷ್ಟಿಗೆ ಎಲ್ಲಿ ಕಟ್ತೀರಿ? ಕಟ್ಟಬೇಡಿ ಎಂದರೆ ನಮ್ಮ ಜನ ಕೇಳುವುದಿಲ್ಲ, ಕಾಣದ ಕಡೆ ಕಟ್ಟುತ್ತಾರೆ. ಅದಕ್ಕೆ ಮುಂಭಾಗದಲ್ಲಿ ಒಂದು ಕೊಕ್ಕೆಯನ್ನು ನಾವೇ ಹಾಕಿಕೊಟ್ಟುಬಿಡುತ್ತಿದ್ದೆವು. ಯಾವ ಪುಸ್ತಕದಲ್ಲೂ ಇದು ಸಿಗುವುದಿಲ್ಲ.

ಮತ್ತೆ ಹೊರಟೆವು. ಈ ಸಲ ಎಷ್ಟು ಜೋರು ಹೋದರೂ ಎರಡನೆಯದರ ಅಂಕಿ ಕದಲಲಿಲ್ಲ. ಮುಳುಗಿದ ಊರಿನ ಮೇಲೆ ಬಂದಾಗ ನೀರು ಎಲ್ಲ ಕಡೆಯ ಹಾಗೆಯೇ ಇತ್ತು, ಕೆಂಪಗೆ, ಸಪಾಟಾಗಿ; ಒಂದು ನೀರುಕಾಗೆ ಮುಳುಗಿ ಎದ್ದಿತು. ಆಳ ಎಂಟಿತ್ತು, ಏಳಾಯಿತು. ಸಾಹೇಬರು ಬಗ್ಗಿ ಮೊದಲನೆಯದರ ಫ್ಯೂಜು ಕಿತ್ತು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ಆ ಪರದೆ ಕಪ್ಪಾಯಿತು.

ಹುಲುಗಪ್ಪನ ತಲೆ ಒಮ್ಮೆ ಆ ಕಪ್ಪು ಪರದೆಯ ಕಡೆ ಹೋಯಿತು. ಹಳೆಯ ಅಭ್ಯಾಸ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಎಡಕ್ಕಿದ್ದ ಎರಡನೆಯದರ ಕಡೆ ತಿರುಗಿದ. ಅದರಲ್ಲಿ ಆರು. ಐದೂವರೆ. ಐದು. ಆಮೇಲೆ ಒಂದೇ ಜಿಗಿತಕ್ಕೆ ಎರಡು. ಗೋಡೆ ನೀರೊಳಗೆ ನಮ್ಮ ಅಡಿಗೇ ಎದ್ದು ನಿಂತಿತ್ತು. ಅವನು ಎಂಜಿನನ್ನು ಇಳಿಸಿ, ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ಎಳೆದ. ಒಂದೂವರೆ. ದೋಣಿ ಪಕ್ಕಕ್ಕೆ ವಾಲಿತು, ನನ್ನ ಚೀಲ ಜಾರಿ ಸಾಹೇಬರ ಕಾಲಿಗೆ ಬಡಿಯಿತು. ಒಂದೂವರೆ, ಒಂದೂವರೆ, ಹೀಗೇ ಗೋಡೆಯ ಉದ್ದಕ್ಕೂ. ಆಮೇಲೆ ಮೂರು. ಆರು. ಎಂಟು.

ಎಂಜಿನ್ ಗುಟುಗುಟು ಎನ್ನುತ್ತಿತ್ತು. ಸಾಹೇಬರು ಜೇಬಿನಿಂದ ಫ್ಯೂಜು ತೆಗೆದು ವಾಪಸ್ ಹಾಕಿದರು. ಮೊದಲನೆಯದು ಎಚ್ಚರಾಗಿ ಅದೂ ಎಂಟು ಎಂದಿತು.

"ನಡಿ, ದಂಡಿಗೆ ನಡಿ," ಎಂದರು ಸಾಹೇಬರು. "ಇನ್ನ ಮ್ಯಾಲ ದಿನಾ ನೀನ ಓಡಿಸಾಂವ ಅದೀ. ಇವತ್ತಿಗೆ ಸಾಕು."

ಹುಲುಗಪ್ಪ ಸ್ಟೇರಿಂಗ್ ಬಿಡದೆ, ಮುಂದೆಯೇ ನೋಡುತ್ತಾ, ಕೇಳಿದ: "ಸಾಹೇಬ್ರ, ಇನ್ನೊಂದ ಸಲ ಕೀಳ್ರಿ ಅದನ್ನ."

"ಯಾಕಲೇ? ಪಾಸಾದ್ಯಲ್ಲ."

"ಹೌದ್ರಿ. ಅದು ನೌಕ್ರಿಗಾಗಿ ಹೋತು. ಇನ್ನೊಂದ ಸಲ ಹಂಗ ಸುಮ್ನ."

ಸಾಹೇಬರು ನನ್ನನ್ನು ನೋಡಿದರು. ನಾನು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಸರಿಯಾಗಿ ಕೂತೆ. ಅವರು ಬಗ್ಗಿ ಫ್ಯೂಜು ಕಿತ್ತರು. ಗೋಡೆಯ ಉದ್ದಕ್ಕೂ ಆ ಕಡೆಯಿಂದ ಹೋದೆವು, ಈ ಕಡೆಯಿಂದ ಬಂದೆವು. "ಇದು ಚಾವಡಿ ಇರಬೇಕು ನೋಡ್ರಿ," "ಇದು ಬೀದಿ, ಎಷ್ಟು ನೆಟ್ಟಗೈತಿ," ಎಂದು ಹುಲುಗಪ್ಪ ಅಂಕಿ ನೋಡಿಕೊಂಡು ಕಾಣದ ಊರನ್ನು ನಮಗೆ ತೋರಿಸುತ್ತಾ ಹೋದ. ಮೂರನೇ ಸಲಕ್ಕೆ ಸಾಹೇಬರು, "ಆ ಬೀದಿಗುಂಟ ಹೋಗು, ಎಲ್ಲಿಗೆ ಮುಟ್ಟತೈತಿ ನೋಡೂಣು," ಎಂದು ತಾವೇ ಹೇಳಿದರು.

ದೂರದ ದಂಡೆಯಲ್ಲಿ, ಹೋದವರು ಯಾಕಿನ್ನೂ ಬರಲಿಲ್ಲವೆಂದು ನಮ್ಮ ಮನೆಯವರು ಬೆನ್ನುನೋವು ಮರೆತು ಜೀಪಿನ ಬಾನೆಟ್ಟಿನ ಮೇಲೆ ಹತ್ತಿ ನಿಂತು, ಎರಡೂ ಕೈ ಎತ್ತಿ ಬೀಸುತ್ತಿದ್ದರು. ಹುಲುಗಪ್ಪ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದನ್ನು ಎತ್ತಿ ಅವರಿಗೆ ಬೀಸಿದ. ದೋಣಿಯನ್ನು ಮಾತ್ರ ದಂಡೆಯ ಕಡೆ ತಿರುಗಿಸಲಿಲ್ಲ.